ಸಹಿ ಹಾಕುವವರಿಗೆ ಓದಲು ಪುರುಸೊತ್ತು ಇರಲಿ

ಸಂಪಾದಕರಿಗೆ,

ಸರ್ಕಾರಿ ಕಚೇರಿಗಳಿಗೆ ಕೃತಕ ಬುದ್ಧಿಮತ್ತೆ ಬರುತ್ತಿದೆ ಎಂಬ ಸುದ್ದಿಯ ಕೊನೆಗೆ ಒಂದು ಸಮಾಧಾನದ ಮಾತು ಇದ್ದೇ ಇರುತ್ತದೆ: ‘ಅಂತಿಮ ತೀರ್ಮಾನ ಅಧಿಕಾರಿಯದ್ದೇ.’ ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದ ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಕಾರಣ ನನ್ನದೇ ಸಹಿ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಗಾಗಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಟೈಪಾದ ಹಾಳೆಗಳ ಪ್ರಿಂಟು ನಮ್ಮ ಕೈಗೆ ಬರುತ್ತಿತ್ತು. ಕೈಬರಹದ ಪಹಣಿ ಪುಸ್ತಕದ ಜೊತೆ ತಾಳೆ ನೋಡಿ, ತಪ್ಪಿದ್ದಲ್ಲಿ ಕೆಂಪು ಶಾಯಿಯ ಗುರುತು ಹಾಕಿ, ಸಹಿ ಮಾಡಬೇಕು. ನನ್ನ ವೃತ್ತದಲ್ಲಿ ಐದು ಹಳ್ಳಿ. ಹಗಲು ಕಂದಾಯ ವಸೂಲಿ, ರಾತ್ರಿ ಕರೆಂಟು ಇದ್ದಷ್ಟು ಹೊತ್ತು ತಾಳೆ. ಮೊದಲ ಹಳ್ಳಿಯದನ್ನು ಸಾಲುಸಾಲಾಗಿ ಓದಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹೆಸರು, ಸರ್ವೆ ನಂಬರು ಮಾತ್ರ. ಕೊನೆಯ ಹಳ್ಳಿಗೆ ಗಡುವು ನಾಳೆ ಎನ್ನುವಾಗ ಬರೀ ಸಹಿ.

ಆ ಹಳ್ಳಿಯ ಅಜ್ಜಿಯೊಬ್ಬರ 2 ಎಕರೆ 14 ಗುಂಟೆ ಜಮೀನು ಕಂಪ್ಯೂಟರಿನಲ್ಲಿ 0 ಎಕರೆ 14 ಗುಂಟೆ ಆಗಿಬಿಟ್ಟಿತ್ತು. ಗೊತ್ತಾದದ್ದು ಬೆಳೆಸಾಲ ಕೇಳಲು ಹೋದಾಗ. ‘ಬರೆದೋರು ನೀವೇ ಅಲ್ವಾ ಶಾನುಭೋಗ್ರೇ, ಆ ಎರಡು ಹಾಕ್ಕೊಡಿ’ ಎಂದು ಮನೆಗೇ ಬಂದರು. ಕೈಬರಹದ ಪಹಣಿಗೆ ಅಷ್ಟರಲ್ಲಿ ಬೆಲೆ ಹೋಗಿತ್ತು, ತಿದ್ದುವ ಅಧಿಕಾರ ನನಗಿರಲಿಲ್ಲ. ಒಂದು ಅಂಕಿ ಸರಿಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು. ಹೋದಲ್ಲೆಲ್ಲ ಅವರಿಗೆ ಸಿಕ್ಕ ಉತ್ತರ, ‘ಕಂಪ್ಯೂಟರಲ್ಲಿ ಹೀಗೇ ಇದೆ, ವಿಎ (ಗ್ರಾಮ ಲೆಕ್ಕಿಗ) ಸಹಿಯೂ ಇದೆಯಲ್ಲ.’

‘ಭೂಮಿ’ಯನ್ನು ದೂರುತ್ತಿಲ್ಲ. 15 ರೂಪಾಯಿಗೆ ಪಹಣಿ ಸಿಗುವಂತಾಗಿ ನಮ್ಮವರಲ್ಲಿ ಕೆಲವರ ‘ಮಾಮೂಲು’ ನಿಂತಿತು, ಒಳ್ಳೆಯದೇ ಆಯಿತು.

ಆಸ್ಟ್ರೇಲಿಯಾದಲ್ಲಿ ಸಹಿಯ ಶಾಸ್ತ್ರವನ್ನೂ ಬಿಟ್ಟರು. ‘ರೋಬೋಡೆಟ್’ ಎಂದು ಹೆಸರಾದ ಆ ವ್ಯವಸ್ಥೆ ಜನರ ವರ್ಷದ ಆದಾಯವನ್ನು ಎರಡು ವಾರಕ್ಕೊಂದರಂತೆ 26 ಸಮ ಭಾಗ ಮಾಡಿ, ಸರ್ಕಾರದ ಭತ್ಯೆ ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ ಎಂದು ಲಕ್ಷಾಂತರ ಮಂದಿಗೆ ನೋಟಿಸು ಕಳಿಸಿತು. ಸುಗ್ಗಿಯಲ್ಲಿ ಎರಡು ತಿಂಗಳು ದುಡಿದು ಉಳಿದ ದಿನ ಕೆಲಸವಿಲ್ಲದೆ ಕೂರುವವನಿಗೆ ಸರಾಸರಿ ಹಾಕಿದರೆ ಏನಾಗುತ್ತದೆಂದು ನಮ್ಮೂರ ಅರಳಿಕಟ್ಟೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ಅದು ಕೃತಕ ಬುದ್ಧಿಮತ್ತೆಯೂ ಅಲ್ಲ, ಶಾಲೆಯ ಭಾಗಾಕಾರ! ಕೊನೆಗೆ ಸರ್ಕಾರವೇ ವಸೂಲಿ ಮಾಡಿದ್ದನ್ನು ಹಿಂದಿರುಗಿಸಬೇಕಾಯಿತು. 2023ರಲ್ಲಿ ಇದರ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಆಯೋಗದ ವರದಿಯೂ ಬಂತು.

ನಮಗೆ ಮಾದರಿ ಹೊರಗೆ ಹುಡುಕಬೇಕಿಲ್ಲ. 1964ರ ಭೂಕಂದಾಯ ಕಾಯ್ದೆಯಲ್ಲೇ ಇದೆ. ಖಾತೆ ಬದಲಾಗುವ ಮೊದಲು ನೋಟಿಸು, ತಕರಾರಿಗೆ ಕಾಲಾವಕಾಶ (ನನ್ನ ಕಾಲದಲ್ಲಿ 30 ದಿನ), ತಕರಾರು ಬಂದರೆ ವಿಚಾರಣೆ, ಅದರ ಮೇಲೆ ಮೇಲ್ಮನವಿ. ‘ಭೂಮಿ’ಯಲ್ಲಂತೂ ಮ್ಯುಟೇಶನ್ (ಖಾತೆ ಬದಲಾವಣೆ) ಯಾರು ಒಪ್ಪಿದರು ಎನ್ನುವುದಕ್ಕೆ ಅವರ ಬೆರಳಚ್ಚೇ ಸಾಕ್ಷಿ. ಪಿಂಚಣಿ ನಿಲ್ಲಿಸಲು, ಕಾರ್ಡು ರದ್ದು ಮಾಡಲು ಯಂತ್ರ ಹೆಸರುಗಳನ್ನು ಆರಿಸಿಕೊಟ್ಟಾಗಲೂ ಇಷ್ಟನ್ನು ಪಾಲಿಸಲಿ. ಮೊದಲು ರದ್ದು, ಗದ್ದಲವಾದ ಮೇಲೆ ವಾಪಸ್ ಎನ್ನುವುದನ್ನು 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ವಿಷಯದಲ್ಲಿ ಕಂಡಿದ್ದೇವೆ.

ಇನ್ನೊಂದು ಕೋರಿಕೆ. ಯಂತ್ರ ಕೊಟ್ಟ ಪಟ್ಟಿಯಲ್ಲಿ ಒಬ್ಬ ನೌಕರ ದಿನಕ್ಕೆ ಎಷ್ಟು ಹೆಸರನ್ನು ಕೂತು ಓದಿ ತಾಳೆ ನೋಡಬಲ್ಲ ಎಂಬ ಲೆಕ್ಕವನ್ನು ಟೆಂಡರು ಕರೆಯುವ ಮುಂಚೆಯೇ ಇಲಾಖೆ ಬರೆದು ಪ್ರಕಟಿಸಲಿ. ಅದಕ್ಕಿಂತ ಹೆಚ್ಚು ಹೆಸರು ಮೇಜಿಗೆ ಬಂದ ದಿನ ‘ಓದಲಾಗಿಲ್ಲ’ ಎಂದು ಷರಾ ಬರೆದು ಕಡತ ಹಿಂದಿರುಗಿಸಲು ಅವನಿಗೆ ಅವಕಾಶವಿರಲಿ. ನನಗೆ ಅದಿರಲಿಲ್ಲ. ಇದ್ದಿದ್ದರೂ ಬರೆಯುವ ಧೈರ್ಯ ಮಾಡುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ, ತಿಪಟೂರು