ಈ ಸಲವಾದರೂ ಆ ಹುಡುಗನಿಗೆ ಒಳ್ಳೆ ಕೋಚ್ ಸಿಗಲಿ

ನೇಪರ್‌ವಿಲ್, ಶಿಕಾಗೋ ಹತ್ತಿರ
14 ಜನವರಿ 2025

ಮಾರಾಯ,

ಸಂಕ್ರಾಂತಿಯ ಶುಭಾಶಯ. ಮನೆಯಲ್ಲಿ ಎಲ್ಲರಿಗೂ ಹೇಳು. ನೀನು ಶಿವಮೊಗ್ಗದಲ್ಲಿ ಹಬ್ಬದ ಊಟ ಮುಗಿಸಿ ಮಲಗಿರುತ್ತೀಯ. ನಾನಿಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಶಿಕಾಗೋ ಬೇರ್ಸ್‌ಗೆ ಯಾರು ಕೋಚ್ ಆಗುತ್ತಾರೆ ಅಂತ ಫೋನ್ ನೋಡುತ್ತಾ ಕೂತಿದ್ದೇನೆ. ನೀನು ಊರಿಗೆ ವಾಪಸ್ ಹೋದ ಮೇಲೆ ಈ ಮಾತಾಡೋಕೆ ನನಗೆ ಇಲ್ಲಿ ಯಾರೂ ಇಲ್ಲ. ಕನ್ನಡದಲ್ಲಂತೂ ಇಲ್ಲವೇ ಇಲ್ಲ. ಅದಕ್ಕೇ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಇನ್ನೊಬ್ಬ ಕನ್ನಡದ ಬೇರ್ಸ್ ಅಭಿಮಾನಿ ಎಲ್ಲಾದರೂ ಇದ್ದರೆ ದಯವಿಟ್ಟು ಮಾತಾಡಲಿ.

ಸೀಸನ್ ಹೇಗೆ ಮುಗಿಯಿತು ಅಂತ ನಿನಗೆ ಗೊತ್ತು. ಐದು ಗೆಲುವು, ಹನ್ನೆರಡು ಸೋಲು. ಮೊದಲ ಆರರಲ್ಲಿ ನಾಲ್ಕು ಗೆದ್ದಾಗ ನಾವಿಬ್ಬರೂ ಎಷ್ಟು ಕುಣಿದೆವು! ಆಮೇಲೆ ವಾಷಿಂಗ್ಟನ್‌ನಲ್ಲಿ ಕೊನೆಯ ಎಸೆತಕ್ಕೆ ಸೋತೆವು. ಅಲ್ಲಿಂದ ಸತತ ಹತ್ತು ಸೋಲು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್ ಮೇಲೆ ಮೂರೇ ಪಾಯಿಂಟ್ ಹಿಂದಿದ್ದೆವು. ಗಡಿಯಾರ ಓಡುತ್ತಿತ್ತು, ಅದನ್ನು ನಿಲ್ಲಿಸುವ ಟೈಮ್‌ಔಟ್ ಒಂದು ಉಳಿದಿತ್ತು, ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮಾರನೇ ದಿನ ಕೋಚ್ ಎಬರ್‌ಫ್ಲುಸ್ ಅವರನ್ನು ತೆಗೆದರು. 1920ರಿಂದ ಇರುವ ತಂಡ ಇದು. ಸೀಸನ್ ನಡುವೆ ಮುಖ್ಯ ಕೋಚನ್ನು ಕಳಿಸಿದ್ದು ಇದೇ ಮೊದಲು.

ಈಗ ಹುಡುಕಾಟ ಜೋರಾಗಿದೆ. ಪೀಟ್ ಕ್ಯಾರೊಲ್ ಬಂದು ಮಾತಾಡಿ ಹೋದರು. ವಯಸ್ಸು 73, ಸಿಯಾಟಲ್‌ಗೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟವರು. ಮೈಕ್ ವ್ರೇಬಲ್ ನ್ಯೂ ಇಂಗ್ಲೆಂಡ್ ಪಾಲಾದರು. ಮೈಕ್ ಮೆಕಾರ್ಥಿ ನಿನ್ನೆಯಷ್ಟೇ ಡಲ್ಲಾಸ್ ಬಿಟ್ಟಿದ್ದಾರೆ. ನಮ್ಮ ಹಳೇ ಎದುರಾಳಿ ಗ್ರೀನ್ ಬೇಯ ಕೋಚ್ ಆಗಿ ವರ್ಷಗಟ್ಟಲೆ ನಮ್ಮನ್ನು ಅಳಿಸಿದ ಮನುಷ್ಯ ನಮ್ಮ ಬೆಂಚಿನ ಪಕ್ಕ ನಿಲ್ಲುವುದನ್ನು ನನಗೆ ಊಹಿಸೋಕೂ ಆಗುವುದಿಲ್ಲ. ನಿನಗಂತೂ ಇನ್ನೂ ಕಷ್ಟ.

ನನಗೆ ಬೇಕಾಗಿರುವುದು ಬೆನ್ ಜಾನ್ಸನ್. ಡೆಟ್ರಾಯ್ಟ್‌ನ ಆಫೆನ್ಸ್ ಕೋಆರ್ಡಿನೇಟರ್, ಅಂದರೆ ದಾಳಿಯ ಯೋಜನೆ ಹಾಕುವ ಕೋಚ್. ಅವರ ತಂಡ ಇನ್ನೂ ಪ್ಲೇಆಫ್‌ನಲ್ಲಿ, ಸೋತರೆ ಮನೆಗೆ ಹೋಗುವ ಸುತ್ತಿನಲ್ಲಿದೆ, ಹಾಗಾಗಿ ಸದ್ಯಕ್ಕೆ ಆನ್‌ಲೈನ್ ಸಂದರ್ಶನ ಮಾತ್ರ ಆಗಿದೆ. ಈ ಸೀಸನ್‌ನಲ್ಲಿ ಅವರು 564 ಪಾಯಿಂಟ್ ಹೊಡೆದಿದ್ದಾರೆ. ಲೀಗ್‌ನಲ್ಲಿ ಇನ್ಯಾರೂ ಅಷ್ಟು ಹೊಡೆದಿಲ್ಲ. ಲಾಸ್ ಏಂಜಲೀಸ್ ಬೇಡವೆಂದು ಬಿಟ್ಟುಕೊಟ್ಟ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಜ್ಯಾರೆಡ್ ಗಾಫ್ ಕೈಯಲ್ಲಿ 4,629 ಗಜ ಪಾಸ್ ಮಾಡಿಸಿದ್ದಾರೆ. ಗಾಫ್‌ಗೆ ಓಡುವ ಕಾಲಿಲ್ಲ. ಆದರೂ ಅವನಿಗೆ ಯೋಚಿಸೋಕೆ ಸಮಯ ಸಿಗುತ್ತದೆ, ಯಾಕೆಂದರೆ ಎದುರಾಳಿಗಳು ಯಾವಾಗಲೂ ಅರೆಕ್ಷಣ ತಡವಾಗಿರುತ್ತಾರೆ. ಚೆಂಡು ಓಡುವವನ ಕೈಗೆ ಹೋಯಿತು ಅಂದುಕೊಂಡು ಮುಂದೆ ನುಗ್ಗುತ್ತಾರೆ. ಅವರ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತದೆ. ಪಾಸ್ ಅಲ್ಲಿಗೆ ಬೀಳುತ್ತದೆ.

ಡಿಸೆಂಬರ್ 22 ನೆನಪಿದೆಯಾ? ಸೋಲ್ಜರ್ ಫೀಲ್ಡ್‌ನಲ್ಲಿ ನಮ್ಮ ಮೇಲೇ ಆಡಿದ ನಾಟಕ. ಗಾಫ್ ಎಡವಿದಂತೆ ಮಾಡಿದ. ಪಕ್ಕದಲ್ಲಿದ್ದ ಗಿಬ್ಸ್ ನೆಲಕ್ಕೆ ಬಿದ್ದ. ನಮ್ಮವರೆಲ್ಲ ಚೆಂಡು ಕೈಜಾರಿತು ಅಂದುಕೊಂಡರು. ಅವರ ಲಪೋರ್ಟಾ ಒಬ್ಬನೇ ನಿಂತು ಚೆಂಡು ಹಿಡಿದು ಟಚ್‌ಡೌನ್ (ನಮ್ಮ ಕೊನೆಯ ಗೆರೆ ದಾಟಿದ ಸ್ಕೋರು) ಮಾಡಿದ. ನನಗೆ ಅವತ್ತು ಸಿಟ್ಟು ಬರಲಿಲ್ಲ ಮಾರಾಯ. ಇಂಥ ತಲೆ ನಮ್ಮ ಹುಡುಗ ಕೇಲಬ್ ವಿಲಿಯಮ್ಸ್ ಜೊತೆಗಿದ್ದರೆ ಏನಾಗಬಹುದು ಅಂತ ಮೈ ಜುಮ್ಮೆಂದಿತು.

ಈ ಆಟ ಗೊತ್ತಿಲ್ಲದೆ ಓದುತ್ತಿರುವವರಿಗೆ ಇಷ್ಟು ಹೇಳುತ್ತೇನೆ. ತಂಡದ ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಅಂತ ನಿರ್ಧರಿಸಬೇಕು. ತಡವಾದರೆ, ಅಥವಾ ಮುಂದೆ ನಿಂತು ಅವನನ್ನು ರಕ್ಷಿಸುವ ಲೈನ್‌ನವರು ಸೋತರೆ, ಭಾರೀ ಗಾತ್ರದವರು ಬಂದು ಕೆಡವುತ್ತಾರೆ. ಅದಕ್ಕೆ ಸ್ಯಾಕ್ ಎನ್ನುತ್ತಾರೆ. ನಮ್ಮ ಕ್ವಾರ್ಟರ್‌ಬ್ಯಾಕ್ ಕೇಲಬ್ ಈ ಸೀಸನ್‌ನಲ್ಲಿ 68 ಸಲ ಹಾಗೆ ಬಿದ್ದಿದ್ದಾನೆ. ಅವನಿಗಿನ್ನೂ 23 ವರ್ಷ. ಇದು ಅವನ ಮೊದಲ ಸೀಸನ್.

ಅಷ್ಟಾದರೂ 3,541 ಗಜ, 20 ಟಚ್‌ಡೌನ್, ಬರೀ ಆರು ಇಂಟರ್‌ಸೆಪ್ಶನ್ (ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ದು). ಬೇರ್ಸ್ ಇತಿಹಾಸದಲ್ಲಿ ಯಾವ ಕ್ವಾರ್ಟರ್‌ಬ್ಯಾಕೂ ಒಂದೇ ಸೀಸನ್‌ನಲ್ಲಿ 4,000 ಗಜ ಮುಟ್ಟಿಲ್ಲ. 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3,838 ಈ ಸೀಸನ್ ಮುಗಿದಾಗಲೂ ದಾಖಲೆ. ಈ ಹುಡುಗ ಬಿದ್ದು ಎದ್ದೇ ಅದರ ಹತ್ತಿರ ಹೋಗಿದ್ದಾನೆ. ಡಿಜೆ ಮೂರ್ ಇದ್ದಾನೆ, ರೋಮ್ ಒಡುನ್ಜೆ ಇದ್ದಾನೆ. ಹಿಡಿಯುವವರಿಗೆ ಕೊರತೆಯಿಲ್ಲ. ಲೈನ್ ಗಟ್ಟಿ ಮಾಡಿ, ಚೆಂಡು ಬೇಗ ಕೈಬಿಡುವಂಥ ಪ್ಲೇ ಕೊಟ್ಟರೆ ಮುಂದಿನ ಸೀಸನ್‌ನಲ್ಲೇ ಆ ದಾಖಲೆ ಮುರಿಯುತ್ತದೆ. ಇದು ನನ್ನ ನಂಬಿಕೆ.

ಆದರೆ ಈಚೆಗೆ ನಿದ್ದೆ ಕೆಡಿಸುತ್ತಿರುವುದು ಬೇರೆಯೇ. 2017ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಟ್ರುಬಿಸ್ಕಿಯನ್ನು ತಂದರು. ಆ ಸೀಸನ್ ಮುಗಿದ ತಕ್ಷಣ ಕೋಚ್ ಜಾನ್ ಫಾಕ್ಸ್ ಹೋದರು. 2021ರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಫೀಲ್ಡ್ಸ್ ಬಂದ. ಸೀಸನ್ ಮುಗಿಯುತ್ತಲೇ ಕೋಚ್ ಮ್ಯಾಟ್ ನ್ಯಾಗಿ ಹೋದರು. 2024ರಲ್ಲಿ ಕೇಲಬ್. ಅವನ ಮೊದಲ ಸೀಸನ್ ಅರ್ಧ ಕಳೆದಾಗ ಆಫೆನ್ಸ್ ಕೋಆರ್ಡಿನೇಟರ್ ವಾಲ್ಡ್ರನ್ ಹೋದರು. ಎರಡೇ ವಾರ ಕಳೆದು ಮುಖ್ಯ ಕೋಚೂ ಹೋದರು. ಪ್ರತಿ ಸಲವೂ ಹುಡುಗ ಮೊದಲು ಬರುತ್ತಾನೆ, ಅವನನ್ನು ಬೆಳೆಸುವವನು ಆಮೇಲೆ ಬದಲಾಗುತ್ತಾನೆ. ಕಲಿತದ್ದನ್ನೆಲ್ಲ ಬಿಟ್ಟು ಅವನು ಮತ್ತೆ ಮೊದಲಿಂದ ಶುರು ಮಾಡಬೇಕು. ವಾಷಿಂಗ್ಟನ್ ನೋಡು. ಹೊಸ ಕೋಚ್, ಹೊಸ ಕ್ವಾರ್ಟರ್‌ಬ್ಯಾಕ್ ಒಂದೇ ವರ್ಷ ಬಂದರು. ಮೊನ್ನೆ ಭಾನುವಾರ ಪ್ಲೇಆಫ್ ಪಂದ್ಯವನ್ನೇ ಗೆದ್ದರು. ಅವರ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಡ್ರಾಫ್ಟ್‌ನಲ್ಲಿ, ಅಂದರೆ ಹೊಸಬರನ್ನು ತಂಡಗಳು ಆರಿಸಿಕೊಳ್ಳುವಾಗ, ನಮ್ಮ ಹುಡುಗನ ಹಿಂದೆಯೇ ಆಯ್ಕೆಯಾದವನು.

ನಾನು ಜಾನ್ಸನ್ ಬೇಕು ಅನ್ನುವುದೂ ಇದಕ್ಕೇ. ಮುಖ್ಯ ಕೋಚ್ ಡಿಫೆನ್ಸ್ ಕಡೆಯವನಾದರೆ ಪಾಸಿಂಗ್ ಕಲಿಸಲು ಇನ್ನೊಬ್ಬ ಬೇಕು. ಅವನು ಚೆನ್ನಾಗಿ ಕಲಿಸಿದರೆ ಬೇರೆ ತಂಡ ಅವನನ್ನೇ ಮುಖ್ಯ ಕೋಚ್ ಮಾಡಿಕೊಂಡು ಕರೆದೊಯ್ಯುತ್ತದೆ. ಹುಡುಗ ಮತ್ತೆ ಒಬ್ಬನೇ.

ಡಿಸೆಂಬರ್ 26ರ ಸಿಯಾಟಲ್ ಪಂದ್ಯವನ್ನು ಮಗನ ಜೊತೆ ನೋಡಿದೆ. ಕ್ರಿಸ್‌ಮಸ್ ರಜೆಗೆ ಬಂದಿದ್ದ. 6-3ರಲ್ಲಿ ಸೋತೆವು. ಕೇಲಬ್ ಏಳು ಸಲ ಬಿದ್ದ. ಮಗ ಸುಮ್ನೆ ಕೂತಿದ್ದವನು, "ಯಾರ ಮಾತು ಕೇಳಬೇಕು ಅಂತಾನೇ ಅವನಿಗೆ ಗೊತ್ತಿಲ್ಲಪ್ಪ. ನನಗೂ ಹಾಗೇ" ಅಂದ.

ಅವನಿಗೂ 23. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಆಗಲೇ ಮೂರನೇ ಮ್ಯಾನೇಜರ್. ಒಬ್ಬರು ಮಾಡು ಅಂದದ್ದನ್ನು ಮುಂದಿನವರು ಬೇಡ ಅನ್ನುತ್ತಾರಂತೆ. ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದೆ ಅಪ್ಪ" ಅನ್ನುತ್ತಿದ್ದ. ಅವತ್ತು ಟಿವಿ ಆಫ್ ಮಾಡಿ ರಾತ್ರಿ ತುಂಬ ಹೊತ್ತು ಮಾತಾಡಿದ. ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆಯೋಕೆ ಕೈ ನಡುಗುತ್ತೆ ಅಂದ. ನಾನು ಅವನ ತಲೆ ಸವರುತ್ತಾ ಕೂತಿದ್ದೆ. ಹತ್ತನೇ ಕ್ಲಾಸಿನ ನಂತರ ಅವನು ಅಷ್ಟು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ವಾರವಾರ ಒಬ್ಬ ಕೌನ್ಸಿಲರ್ ಹತ್ತಿರ ಹೋಗುತ್ತಿದ್ದಾನೆ, ಸ್ವಲ್ಪ ಪರವಾಗಿಲ್ಲ. ಆದರೆ ನನ್ನ ಭಯ ಹೋಗಿಲ್ಲ. ಕೋಚ್ ಸುದ್ದಿ ಓದುವಾಗ ನಾನು ಕೇಲಬ್‌ಗೆ ಹುಡುಕುತ್ತಿದ್ದೇನೋ, ಮಗನಿಗೆ ಹುಡುಕುತ್ತಿದ್ದೇನೋ ನನಗೇ ಗೊತ್ತಾಗುವುದಿಲ್ಲ. ತಾಳ್ಮೆಯಿಂದ ಎರಡು ವರ್ಷ ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯ. ಅಷ್ಟೇ ಬೇಕಾಗಿರುವುದು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. "ಹಾಕಪ್ಪ, ಪರವಾಗಿಲ್ಲ, ಅಂಕಲ್‌ಗೂ ಗೊತ್ತಾಗಲಿ" ಅಂದ. ನೀನು ಅವನಿಗೊಂದು ಫೋನ್ ಮಾಡು ಮಾರಾಯ. ನಿನ್ನ ಹತ್ತಿರ ಅವನು ಜಾಸ್ತಿ ನಗುತ್ತಾನೆ.

ಸಂತೋಷದ ಸುದ್ದಿಯೂ ಇದೆಯಲ್ಲ. ಜನವರಿ 5ಕ್ಕೆ ಗ್ರೀನ್ ಬೇಯಲ್ಲೇ ಗೆದ್ದೆವು. ಕೊನೆಯ ಕ್ಷಣದಲ್ಲಿ ನಮ್ಮ ಸ್ಯಾಂಟೋಸ್ 51 ಗಜದಿಂದ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದ. ಅವರ ಮೇಲೆ ಸತತ ಹನ್ನೊಂದು ಸೋಲಿನ ಸರಪಳಿ ತುಂಡಾಯಿತು. ಅವತ್ತೇ ನಮ್ಮ ವರ್ಜೀನಿಯಾ ಅಜ್ಜಿಗೆ 102 ತುಂಬಿತು. ತಂಡ ಕಟ್ಟಿದ ಜಾರ್ಜ್ ಹ್ಯಾಲಸ್ ಅವರ ಮಗಳಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಉಂಟಾ? ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮನೆಯವಳು ಇನ್ನೂ ಹಾಕಿ ಹಾಕಿ ಕೇಳುತ್ತಾಳೆ.

ಈಗ ಪಂದ್ಯ ಕಟ್ಟೋಣ. ಜಾನ್ಸನ್ ಬಂದರೆ ನೀನು ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಬೇಕು, ಎರಡು ಕೆಜಿ. ಬರದಿದ್ದರೆ ನಿನಗೆ ನನ್ನ 34ನೇ ನಂಬರಿನ ಜೆರ್ಸಿ. ಕಸ್ಟಮ್ಸ್ ಕಥೆ ಮಾತ್ರ ಈ ಸಲ ನಡೆಯುವುದಿಲ್ಲ.

ನಿನ್ನ,
ಮೂರನೇ ಸಾಲಿನವನು