ಮಗಳಿಗೊಂದು ಪತ್ರ: ನೀನು ಕೇಳಿ ಹೋದ ಪ್ರಶ್ನೆಗೆ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಹೊರಡುವ ಹಿಂದಿನ ರಾತ್ರಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡದೆ ಎದ್ದು ಹೋದೆ. ಬೆಳಿಗ್ಗೆ ನೀನೂ ಮುಖ ಕೊಟ್ಟು ಮಾತನಾಡದೆ ಹೊರಟುಬಿಟ್ಟೆ. ಅಲ್ಲಿ ನಡೆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನಾವಿಬ್ಬರೂ ನೋಡಿದ ನಾಟಕದ ಜೋ ಮಾಡಿದಂಥ ಕೆಲಸವನ್ನು ಅಪ್ಪ ಮಾಡಿದ್ದರೆ ನೀನೂ ಅವನ ಹೆಂಡತಿ ಕೇಟ್‌ಳ ಹಾಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆಯಾ ಎಂದು ಕೇಳಿದೆಯಲ್ಲ, ಮುಚ್ಚಿಕೊಂಡೇ ಇರುತ್ತಿದ್ದೆ ಎಂದು ನನಗೆ ಅನಿಸುತ್ತದೆ. ಇಷ್ಟನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಹೇಳಿದ ತಕ್ಷಣ ನೀನು ಜಗಳಕ್ಕೆ ಬರುತ್ತಿದ್ದೆ, ಮಿಕ್ಕದ್ದು ನನ್ನ ಬಾಯಲ್ಲೇ ಉಳಿಯುತ್ತಿತ್ತು. ಪಾಪ, ನಿನ್ನ ಅಪ್ಪ ಆ ನಾಟಕವನ್ನು ನೋಡಿಯೇ ಇಲ್ಲ. ನಾವಿಬ್ಬರೂ ಅವರನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಿ ಕಿತ್ತಾಡಿದ್ದೇವೆ.

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್‌ನ ‘ಆಲ್ ಮೈ ಸನ್ಸ್’ ರಂಗಕ್ಕೆ ಬಂದದ್ದು 1947ರಲ್ಲಿ. ನಿನ್ನ ವಯಸ್ಸಿನಲ್ಲಿ ಓದಿದಾಗ ನನಗೆ ಅದು ಅಪ್ಪ ಮಗನ ನಾಟಕವಾಗಿ ಕಂಡಿತ್ತು: ಯುದ್ಧಕಾಲದಲ್ಲಿ ವಿಮಾನ ಎಂಜಿನ್ನಿನ ಬಿರುಕುಬಿಟ್ಟ ಸಿಲಿಂಡರ್ ಹೆಡ್‌ಗಳನ್ನು ಸೇನೆಗೆ ಸಾಗಿಸಿ 21 ವಿಮಾನಗಳು ಉರುಳಲು ಕಾರಣನಾದ ಕಾರ್ಖಾನೆ ಮಾಲೀಕ ಜೋ ಕೆಲ್ಲರ್, ಅವನನ್ನು ಪ್ರಶ್ನಿಸುವ ಮಗ ಕ್ರಿಸ್, ವಿಮಾನ ಚಾಲಕನಾಗಿ ಯುದ್ಧಕ್ಕೆ ಹೋಗಿ ಕಾಣೆಯಾದ ಇನ್ನೊಬ್ಬ ಮಗ ಲ್ಯಾರಿ ಬಂದೇ ಬರುತ್ತಾನೆಂದು ಹಟ ಹಿಡಿದ ತಾಯಿ ಕೇಟ್. ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದ 2019ರ ಪ್ರಯೋಗದ ಚಿತ್ರೀಕರಣವನ್ನು ನಿನ್ನ ಪಕ್ಕದಲ್ಲಿ ಕುಳಿತು ನೋಡಿದಾಗ ಮಾತ್ರ ಆ ತಾಯಿಯನ್ನು ಬಿಟ್ಟು ನನ್ನ ಗಮನ ಎಲ್ಲಿಯೂ ಹೋಗಲಿಲ್ಲ. ರಂಗಮಂದಿರದ ಹಿಂದಿನ ಸಾಲಿನವರಿಗೆ ಆಕೆ ಹಿತ್ತಲಲ್ಲಿ ಓಡಾಡುವ ಒಬ್ಬ ಹೆಂಗಸು. ಕ್ಯಾಮೆರಾ ಹತ್ತಿರ ಹೋದಾಗ ಕೇಟ್ ಪಾತ್ರದ ನಟಿ ಸ್ಯಾಲಿ ಫೀಲ್ಡ್‌ಳ ಮುಖದಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. (ಚಿತ್ರೀಕರಿಸಿದ ನಾಟಕ ನಾಟಕವೇ ಅಲ್ಲ ಎಂಬ ನಿನ್ನ ವಾದವನ್ನು ಇನ್ನೊಂದು ದಿನ ನೋಡಿಕೊಳ್ಳೋಣ.)

ಎರಡನೆಯ ಅಂಕದ ಆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಆ ಬಿರುಕಿನ ಭಾಗಗಳ ಪ್ರಕರಣದಲ್ಲಿ ಜೈಲು ಸೇರಿದ, ಜೋನ ಪಾಲುದಾರ ಸ್ಟೀವ್‌ನ ಮಗ ಜಾರ್ಜ್ ಕೆಂಡವಾಗಿ ಬಂದಿದ್ದಾನೆ. ಕೇಟ್ ಹಳೆಯ ಸಲುಗೆಯಿಂದ ಅವನನ್ನು ಉಪಚರಿಸಿ, ಬಡಕಲಾಗಿದ್ದೀಯ ಎಂದು ಗದರಿ ಮೆತ್ತಗೆ ಮಾಡಿದ್ದಾಳೆ, ಅವನು ಊಟಕ್ಕೆ ನಿಲ್ಲುವ ಮನಸ್ಸು ಮಾಡಿದ್ದಾನೆ. ಅಷ್ಟರಲ್ಲಿ ಗಂಡನ ಆರೋಗ್ಯದ ಮಾತು ಬರುತ್ತದೆ, ಹದಿನೈದು ವರ್ಷದಿಂದ ಇವರು ಹಾಸಿಗೆ ಹಿಡಿದದ್ದೇ ಇಲ್ಲ ಎಂದುಬಿಡುತ್ತಾಳೆ. ಆ ಭಾಗಗಳು ಕಾರ್ಖಾನೆಯಿಂದ ಹೊರಟ ದಿನ ತಾನು ಫ್ಲೂ ಬಂದು ಮನೆಯಲ್ಲಿ ಮಲಗಿದ್ದೆ, ತನಗೇನೂ ಗೊತ್ತಿರಲಿಲ್ಲ ಎಂದು ಹೇಳಿಕೊಂಡೇ ಜೋ ಬಿಡುಗಡೆಯಾಗಿ ಬಂದವನು. ಯುದ್ಧದ ಕಾಲದ ಆ ಫ್ಲೂ ಒಂದನ್ನು ಬಿಟ್ಟು ಎಂದು ಅವನು ಅವಸರದಿಂದ ಸೇರಿಸುತ್ತಾನೆ. ಕೇಟ್‌ಗೆ ಒಂದು ಗಳಿಗೆ ಅವನು ಏನು ಹೇಳುತ್ತಿದ್ದಾನೆಂದೇ ಹೊಳೆಯುವುದಿಲ್ಲ.

ನೀನು ಅದನ್ನು ಕಳ್ಳಿ ಸಿಕ್ಕಿಬಿದ್ದ ಗಳಿಗೆ ಎಂದೆ. ಅಷ್ಟು ವರ್ಷ ಒಂದು ಸುಳ್ಳನ್ನು ಕಾದುಕೊಂಡು ಬಂದವಳು ಆ ಹೊತ್ತಿನಲ್ಲೇ ಅದನ್ನು ಮರೆತದ್ದು ಹೇಗೆ ಎಂದು ನಾನು ಯೋಚಿಸುತ್ತಿದ್ದೇನೆ. ಮನೆ ಮೊದಲಿನ ಹಾಗೆ ತುಂಬಿತು, ಈ ಹುಡುಗ ನಮ್ಮೊಡನೆ ಊಟಕ್ಕೆ ಕೂರುತ್ತಾನೆ ಎಂಬ ಸಂತೋಷಕ್ಕೆ ಅವಳ ಎಚ್ಚರ ತಪ್ಪಿತು ಎಂದು ನನಗೆ ಕಾಣುತ್ತದೆ. ಅವಳು ಸುಮ್ಮನಿದ್ದದ್ದು ಗಂಡನ ಮೇಲಿನ ನಿಷ್ಠೆಯಿಂದಲೂ ಅಲ್ಲ. ಲ್ಯಾರಿ ಸತ್ತಿದ್ದಾನೆಂದು ಒಪ್ಪಿದರೆ ಅವನನ್ನು ಕೊಂದದ್ದು ಅವನ ಅಪ್ಪನೇ ಎಂದು ಒಪ್ಪಬೇಕಾಗುತ್ತದೆ ಎಂದು ಅವಳೇ ಕ್ರಿಸ್‌ಗೆ ಹೇಳುತ್ತಾಳಲ್ಲ. ಮಗನನ್ನು ಜೀವಂತವಾಗಿ ಇಟ್ಟುಕೊಳ್ಳಲು ಅವಳಿಗೆ ಆ ಸುಳ್ಳು ಬೇಕಿತ್ತು. ನಾನೂ ಸುಮ್ಮನಿರುತ್ತಿದ್ದೆ ಎಂದು ಬರೆದದ್ದು ಇದಕ್ಕೇ. ನಾನು ಬಾಯಿ ಬಿಟ್ಟ ಮರುಕ್ಷಣ ನಿನ್ನ ಪಾಲಿಗೆ ಅಪ್ಪ ಇಲ್ಲವಾಗುತ್ತಿದ್ದರು. ಇದು ಸಮರ್ಥನೆಯಲ್ಲ, ಮಗಳೇ. ಬಿದ್ದ ವಿಮಾನಗಳಲ್ಲಿದ್ದ ಹುಡುಗರಿಗೂ ತಾಯಂದಿರಿದ್ದರು. ಅವರ ಯೋಚನೆ ಕೇಟ್‌ಗೆ ಬಂದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ನೀನು ಎತ್ತಿ ಆಡುವವರೆಗೆ ನನಗೂ ಬಂದಿರಲಿಲ್ಲ.

ಇನ್ನು ನಿನ್ನ ಕೆಲಸದ ವಿಷಯ. ಬುದ್ಧಿ ಹೇಳಬಾರದೆಂದುಕೊಂಡೇ ಬರೆಯಲು ಕುಳಿತೆ. ಆದರೆ ನೀನು ಸೇರಿರುವುದು ಗುಣಮಟ್ಟ ತಪಾಸಣೆಯ ವಿಭಾಗಕ್ಕೆ, ನಿನ್ನ ರುಜು ಬಿದ್ದ ಭಾಗ ಯಾವುದೋ ಎಂಜಿನ್ನಿನೊಳಗೆ ಹೋಗಿ ಕೂರುತ್ತದೆ. ಆ ಕೆಲಸವನ್ನು ನೀನೇ ಹುಡುಕಿಕೊಂಡೆ ಎಂಬ ಹೆಮ್ಮೆ ನನಗಿದೆ, ಭಯವೂ ಅಷ್ಟೇ ಇದೆ. ನಿನ್ನ ಜಾಗದಲ್ಲಿ ನಿಂತಿದ್ದವನು ಜೋ ಅಲ್ಲ, ಸ್ಟೀವ್. ಬಿರುಕು ಕಂಡಾಗ ಅವನು ಮಾಲೀಕನಿಗೆ ಫೋನ್ ಮಾಡಿದ. ಬಿರುಕು ಮುಚ್ಚಿ ಕಳಿಸು, ಹೊಣೆ ನನ್ನದು ಎಂಬ ಮಾತು ಬಂದದ್ದೂ ಫೋನಿನಲ್ಲೇ. ನ್ಯಾಯಾಲಯದಲ್ಲಿ ಆ ಮಾತಿಗೆ ಸಾಕ್ಷಿಯಿರಲಿಲ್ಲ. ಇದೆಲ್ಲ ನಾಟಕದ ಉತ್ಪ್ರೇಕ್ಷೆ ಎಂದುಕೊಳ್ಳಬೇಡ. ಅಮೆರಿಕದ ಒಹಾಯೊ ರಾಜ್ಯದ ಲಾಕ್‌ಲ್ಯಾಂಡಿನಲ್ಲಿದ್ದ ರೈಟ್ ಕಾರ್ಖಾನೆಯಲ್ಲಿ ದೋಷವಿದ್ದ ವಿಮಾನ ಎಂಜಿನ್‌ಗಳು ತಪಾಸಣೆಯಲ್ಲಿ ಪಾಸಾಗಿದ್ದವೆಂದು 1943ರಲ್ಲಿ ಸೆನೆಟರ್ ಹ್ಯಾರಿ ಟ್ರೂಮನ್ ನೇತೃತ್ವದ ಸೆನೆಟ್ ಸಮಿತಿ ಬಯಲು ಮಾಡಿತ್ತು. ಆದ್ದರಿಂದ ಮೇಲಿನವರು ಬಾಯಿಮಾತಿನಲ್ಲಿ ಏನು ಹೇಳಿದರೂ ಬರೆದು ಕಳಿಸಿ ಎಂದು ಕೇಳು. ಕೇಳಿದರೆ ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ತಡವಾಗುತ್ತದೆ ಎಂದರೆ ಆಗಲಿ. ಕೆಲಸ ಹೋದರೆ ಮನೆಗೆ ಬಾ. ಸಂದೇಹವಿದ್ದ ಯಾವುದಕ್ಕೂ ರುಜು ಹಾಕಬೇಡ. ನೋಡು, ಬೇಡವೆಂದುಕೊಂಡ ಉಪದೇಶವನ್ನೇ ಮಾಡುತ್ತಿದ್ದೇನೆ.

ನೀನು ಹೋದ ಮೇಲೆ ಮಿಲ್ಲರ್ ತಾನೇ ಬರೆದಿರುವ ಒಂದು ಸಂಗತಿಯನ್ನು ಓದಿದೆ. ಅವನ ಮನೆಗೆ ಬಂದಿದ್ದ ಹೆಂಗಸೊಬ್ಬಳು ತನ್ನ ನೆರೆಯ ಒಂದು ಮನೆಯ ಕತೆ ಹೇಳಿದಳಂತೆ: ಸೇನೆಗೆ ದೋಷವಿದ್ದ ಯಂತ್ರಗಳನ್ನು ಮಾರುತ್ತಿದ್ದ ಅಪ್ಪನನ್ನು ಸರ್ಕಾರಕ್ಕೆ ಒಪ್ಪಿಸಿದವಳು ಅವನ ಮಗಳು. ಆ ಹೆಂಗಸು ಮಾತು ಮುಗಿಸುವಷ್ಟರಲ್ಲಿ ಮಿಲ್ಲರ್ ತನ್ನ ಮನಸ್ಸಿನಲ್ಲಿ ಮಗಳನ್ನು ಮಗನಾಗಿ ಬದಲಾಯಿಸಿಬಿಟ್ಟಿದ್ದನಂತೆ. ಇದನ್ನು ಓದಿದ ಮೇಲೆ ಕೇಟ್‌ಳನ್ನೂ ಮರೆತು, ಆ ಹುಡುಗಿಯ ತಾಯಿ ಮಗಳಿಗೆ ಏನೆಂದಿರಬಹುದು ಎಂದು ಯೋಚಿಸುತ್ತಲೇ ಇದ್ದೇನೆ.

ನೀನಾಗಿದ್ದರೂ ದೂರು ಕೊಡುತ್ತಿದ್ದೆ, ಅದು ನನಗೆ ಗೊತ್ತು. ಅದು ಗೊತ್ತಿದ್ದೇ ಆ ರಾತ್ರಿ ಎದ್ದು ಹೋದೆ, ಬೇಸರಪಟ್ಟುಕೊಳ್ಳಬೇಡ. ಅಂಥ ದಿನ ಬಂದರೆ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆಂದು ಮಾತು ಕೊಡಲಾರೆ. ಕೂಗಾಡಬಹುದು, ಮನೆ ಮುರಿದವಳು ಎಂದು ನಿನ್ನನ್ನು ಕರೆಯಬಹುದು, ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೋ ಎಂದು ಅಳಬಹುದು. ಆಗ ತೆಗೆದುಕೊಳ್ಳಬೇಡ.

ಇತಿ,
ನಿನ್ನ ಅಮ್ಮ