ಮುಜರಾಯಿ ಸಚಿವರಿಗೆ: ನನ್ನ ಪಕ್ಕದ ಬಳೆ ಅಂಗಡಿ ಮತ್ತೆ ಹಾಕಿಸಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಕರಾವಳಿಯ ಜಾತ್ರೆಗಳಲ್ಲಿ ಚರುಮುರಿ ಮಾರುವವಳು. 22 ವರ್ಷದಿಂದ ಇದೇ ಕೆಲಸ. ದೀಪಾವಳಿ ಕಳೆದರೆ ಗಾಡಿ ಹೊರಡುತ್ತದೆ, ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆಯ ದಿನಕ್ಕೆ ಮನೆ ಸೇರುತ್ತದೆ. ಅಷ್ಟೂ ವರ್ಷ ನನ್ನ ಪಕ್ಕದಲ್ಲಿ ಒಬ್ಬರು ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ, ಬಳೆ ಅಂಗಡಿ ಹಾಕುತ್ತಿದ್ದರು. ನಾವೆಲ್ಲ ಅವರನ್ನು ಕಾಕ ಅಂತಲೇ ಕರೆಯುವುದು. ನನ್ನ ಮಗಳ ಮದುವೆಯ ಬಳೆ ಇಟ್ಟವರೂ ಅವರೇ. ಈಗ ಆ ಜಾಗ ಖಾಲಿ. ಅದಕ್ಕೇ ಈ ಪತ್ರ.

2022ರ ಮಾರ್ಚ್ ನಿಮಗೆ ನೆನಪಿರುತ್ತದೆ. ಹಿಜಾಬ್ ತೀರ್ಪು ಬಂತು, ಅದನ್ನು ವಿರೋಧಿಸಿ ಮುಸ್ಲಿಮರು ಒಂದು ದಿನ ಅಂಗಡಿ ಮುಚ್ಚಿದರು. ಅದರ ಬೆನ್ನಿಗೇ ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಅವರಿಗೆ ಅಂಗಡಿ ಇಲ್ಲ ಅಂತಾಯಿತು. ಆಮೇಲೆ ಊರೂರಲ್ಲಿ ಬ್ಯಾನರ್. ವಿಧಾನಸಭೆಯಲ್ಲಿ ದೇವಸ್ಥಾನಗಳಿಗೆ ಸಂಬಂಧಿಸಿದ 2002ರ ಧಾರ್ಮಿಕ ದತ್ತಿ ನಿಯಮ ತೋರಿಸಿದರು. ಮರುವರ್ಷ ಮಂಗಳೂರಿನ ದಸರಾ ಹೊತ್ತಿಗೂ ಅದೇ ಜಗಳ.

ನಮ್ಮ ಜಾತ್ರೆಯಲ್ಲಿ ಆದದ್ದನ್ನು ಹೇಳಲೇಬೇಕು. ಸಂಜೆ ಆರು ಗಂಟೆ ಇರಬಹುದು. ಕಾಕ ಐದಾರು ವರ್ಷದ ಒಂದು ಹುಡುಗಿಗೆ ಹಸಿರು ಬಳೆ ಇಡುತ್ತಿದ್ದರು. ಎಡಗೈ ಮುಗಿದಿತ್ತು. ಬಲಗೈಗೆ ಸೋಪಿನ ನೀರು ಹಚ್ಚಿ ಎರಡು ಬಳೆ ಏರಿಸಿದ್ದರು. ನಾಲ್ಕು ಹುಡುಗರು ಬಂದು ಆಧಾರ್ ಕಾರ್ಡ್ ಕೇಳಿದರು. ಎದ್ದೇಳಿ ಅಂದರು. ಮಗುವಿನ ತಾಯಿ, "ಅದೊಂದು ಕೈ ಮುಗಿಸಿಬಿಡಲಿ" ಅಂತ ಬೇಡಿಕೊಂಡಳು. ಕಾಕ ಮೂರನೇ ಬಳೆ ಹಿಡಿದರು. ಕೈ ನಡುಗುತ್ತಿತ್ತು. ಬಳೆ ಹೆಚ್ಚಿತು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಅಂತ ಚಿಕ್ಕ ಮಕ್ಕಳಿಗೆಲ್ಲ ಹೇಳಿಕೊಡುತ್ತಿದ್ದವರು ಅವರೇ. ಚೂರು ತಾಗಿ ಮಗುವಿನ ಮಣಿಕಟ್ಟಿನಲ್ಲಿ ರಕ್ತ ಬಂತು. ಕಾಕ ತಮ್ಮ ಕರವಸ್ತ್ರ ಕಟ್ಟಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಹೋದರು. ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ ಸ್ವಾಮಿ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದೆ. ಒಂದು ಸಲ ಊಟದ ಹೊತ್ತು ಅಂದರು. ಇನ್ನೊಂದು ಸಲ, "ನಿಮಗೇನಮ್ಮ ತೊಂದರೆ, ನೀವು ಹಿಂದೂ ಅಲ್ವಾ?" ಅಂದರು. ಮೂರನೇ ಸಲ ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. ಶಾಂತಿ ಸಭೆ ಅಂತ ಒಂದು ಮಾಡಿದರು. ಮುಂದಿನ ಸಾಲಿನಲ್ಲಿ ಎಲ್ಲ ಮುಖಂಡರು. ಅಂಗಡಿ ಹಾಕುವ ನಮ್ಮಲ್ಲಿ ಒಬ್ಬರನ್ನೂ ಕರೆದಿರಲಿಲ್ಲ. ಬಳೆ ಕಾಕನನ್ನಂತೂ ಇಲ್ಲವೇ ಇಲ್ಲ.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಆ 2002ರ ನಿಯಮಗಳಲ್ಲಿ 31ನೆಯದು ಗುತ್ತಿಗೆಯ ವಿಷಯ. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನ ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ ಅಲ್ಲಿದೆ. ಮೂರು ದಿನ ಟಾರ್ಪಾಲು ಕಟ್ಟಿ ಬಳೆ ಮಾರುವುದು ಗುತ್ತಿಗೆಯೇ? ದೇವಸ್ಥಾನಕ್ಕೆ ಸೇರದ ರಸ್ತೆ ಬದಿಗೂ ಅದೇ ನಿಯಮವೇ? ಇದನ್ನು ಬಾಯಿಮಾತಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಸುತ್ತೋಲೆ ಹೊರಡಿಸಿ.

ಮೂಲ್ಕಿಯ ಬಪ್ಪನಾಡು ದೇವಸ್ಥಾನಕ್ಕೆ ಒಮ್ಮೆ ಹೋಗಿ ಕೇಳಿ. ಬಪ್ಪ ಬ್ಯಾರಿ ಅನ್ನುವ ವ್ಯಾಪಾರಿ ಕಟ್ಟಿಸಿದ ಗುಡಿ ಅಂತಲೇ ಅಲ್ಲಿಯ ಐತಿಹ್ಯ. ಅವರ ಮನೆತನಕ್ಕೆ ದುರ್ಗೆಯ ಪ್ರಸಾದ ಸಲ್ಲುವ ಪದ್ಧತಿ ಇದೆ. 2022ರಲ್ಲಿ ಅಲ್ಲೂ ಬ್ಯಾನರ್ ಬಿತ್ತು. ಮೀನುಗಾರರಾದ ನಮ್ಮ ಮೊಗವೀರರು ನಂಬುವ ದೈವ ಬೊಬ್ಬರ್ಯನ ಕಥೆ ಹೇಳುವ ಹಾಡು, ಪಾಡ್ದನ, ಕೇಳಿ, ಅವನ ತಂದೆ ಮುಸ್ಲಿಂ ವ್ಯಾಪಾರಿ. ದೇವಿಗೆ ಮುಡಿಸುವ ಶಂಕರಪುರ ಮಲ್ಲಿಗೆ ನೋಡಿ. ಎಷ್ಟೋ ಕ್ರೈಸ್ತರ ಮನೆಯಂಗಳದಲ್ಲಿ ಅದು ಬೆಳೆಯುತ್ತದೆ. ಅಲ್ಲಿಯ ಹೆಂಗಸರು ಬೆಳಗ್ಗೆಯೇ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಚೆಂಡು ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಮಾಡಿ ಕಳಿಸುತ್ತಾರೆ. ಗರ್ಭಗುಡಿಯ ಒಳಗೆ ಆ ಹೂವಿಗೆ ಯಾರೂ ಜಾತಿ ಕೇಳಿಲ್ಲ. ಹೊರಗೆ ಬಳೆಗೆ ಯಾಕೆ ಕೇಳಬೇಕು?

ಜಾತ್ರೆ ಅಂದರೆ ನಮಗೆ ದೇವರ ಕೆಲಸ, ಹೊಟ್ಟೆಪಾಡು ಎರಡೂ. ಬಳೆಗೆ ಬಂದ ಹೆಂಗಸರೇ ನನ್ನ ಚರುಮುರಿಗೂ ಬರುತ್ತಿದ್ದರು. ಈಗ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಒಮ್ಮೆ ಕಾಕನ ಮನೆಗೆ ಹೋಗಿ ಬಂದದ್ದಕ್ಕೆ ನನ್ನ ಮಗನನ್ನು ನಿಲ್ಲಿಸಿ ಬೈದರು. ಆದರೂ ಹೋಗುತ್ತೇನೆ. ಪೆಟ್ಟಿಗೆ ಇನ್ನೂ ಅವರ ಮಂಚದ ಕೆಳಗೇ ಇದೆ. "ಕರೆದರೆ ಬರ್ತೇನೆ ಮಗಾ, ಕರೆಯದೆ ಹೇಗೆ ಬರುವುದು?" ಅನ್ನುತ್ತಾರೆ.

ಕರೆಯಬೇಕಾದವರು ನೀವು. ಜಾತ್ರೆಯ ಏಲಂನಲ್ಲಿ ಧರ್ಮ ಕೇಳಬಾರದು ಅಂತ ಸುತ್ತೋಲೆ ಹೊರಡಿಸಿ. ಶಾಂತಿ ಸಭೆಯನ್ನು ಜಾತ್ರೆಗೆ ಮೊದಲೇ ಮಾಡಿಸಿ, ಅಂಗಡಿಯವರನ್ನು ಎಲ್ಲ ಧರ್ಮದಿಂದಲೂ ಕರೆಸಿ. ಆಧಾರ್ ಕೇಳಲು ಬರುವವರನ್ನು ತಡೆಯಲು ಜಾತ್ರೆ ಗದ್ದೆಯಲ್ಲೇ ಪೊಲೀಸರನ್ನು ನಿಲ್ಲಿಸಿ. ಸುತ್ತೋಲೆಯ ಒಂದು ಪ್ರತಿಯನ್ನು ದೇವಸ್ಥಾನದ ಕಚೇರಿ ಬಾಗಿಲಿಗೆ ಅಂಟಿಸಿ, ಬ್ಯಾನರ್ ಕಟ್ಟಿದಷ್ಟೇ ದೊಡ್ಡ ಅಕ್ಷರದಲ್ಲಿ.

ದೀಪಾವಳಿಯೊಳಗೆ ಆ ಸುತ್ತೋಲೆ ಬರಲಿ. ಅದನ್ನು ತೆಗೆದುಕೊಂಡು ಕಾಕನ ಮನೆಗೆ ನಾನೇ ಹೋಗುತ್ತೇನೆ.

ಇಂತಿ,
ಜಾತ್ರೆಯ ಚರುಮುರಿ ಅಂಗಡಿಯವಳು